ಕಾಲು ಚಾಚೋಕೆ ಜಾಗ

ಫೆಬ್ರವರಿ ೩

ಟೈಪಿಂಗ್ ಸಾಹೇಬರಿಗೆ ಖಲಾಸಿ ಅಣ್ಣನ ಉದ್ದಂಡ ನಮಸ್ಕಾರ.

ಉದ್ದಂಡ ಅಂದ್ರೆ ನಿಜವಾಗ್ಲೂ ಉದ್ದಂಡಾನೇ ಕಣೋ. ನಿನ್ನೆ ಜೆಟ್ಟಿ ಮೇಲೆ ಪಾಚಿಗೆ ಕಾಲು ಜಾರಿ ಅಡ್ಡಡ್ಡ ಬಿದ್ದೆ. ಹಗ್ಗ ಮಾತ್ರ ಕೈ ಬಿಡಲಿಲ್ಲ. ಲಾಂಚು ನನ್ನ ಎಳೀತಾ ಇದೆ, ನಾನು ಲಾಂಚ್‌ನ ಎಳೀತಾ ಇದೀನಿ, ನಿಂತು ನೋಡೋರೆಲ್ಲ ಚಪ್ಪಾಳೆ. ಡ್ರೈವರಣ್ಣ ಮೇಲಿಂದ ಕೇಳ್ತಾನೆ, ಗೂಟಕ್ಕೆ ಯಾವುದನ್ನ ಕಟ್ಬೇಕು, ಲಾಂಚ್‌ನೋ ನಿನ್ನನ್ನೋ ಅಂತ. ಮೊಣಕಾಲು ಸ್ವಲ್ಪ ತರಚಿದೆ, ಮರ್ಯಾದೆ ಪೂರ್ತಿ ತರಚಿದೆ.

ಲಾಂಚಿಗೆ ಈಗ ಎಲ್ಲರೂ 'ಅಜ್ಜಿ' ಅಂತಾನೇ ಕರೆಯೋದು. ಅಜ್ಜಿಗೆ ಕೆಮ್ಮು ಜಾಸ್ತಿ ಆಗಿದೆ. ಬೆಳಿಗ್ಗೆ ಶುರು ಮಾಡಿದ್ರೆ ಖೊಕ್ ಖೊಕ್ ಖೊಕ್, ಒಂದು ಉಂಡೆ ಹೊಗೆ ಉಗುಳಿ ಆಮೇಲೆ ನಡಿಗೆ. ಹೊಸ ಇಂಜಿನ್ ಬೇಕು ಅಂತ ನಿಮ್ಮ ಇಲಾಖೆಗೆ ಬರೆದ ಅರ್ಜಿ ನಿಮ್ಮ ಆಫೀಸಿನಲ್ಲೇ ಎಲ್ಲೋ ಮಲಗಿರಬೇಕು. ಆ ಕಡೆ ಹೋದಾಗ ಒಂದ್ಸಲ ಧೂಳು ಊದು ಪುಣ್ಯಾತ್ಮ.

ನಿನ್ನ ಅತ್ತಿಗೆ ಮಂಗಳವಾರ, ಶುಕ್ರವಾರ ಆಚೆ ದಡದ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸ್ಕೊಂಡು ಬರ್ತಾಳೆ. ಡಾಕ್ಟರು ಅವಳ ಕಿಡ್ನಿ ಎರಡೂ ಮುಷ್ಕರ ಹೂಡಿವೆ, ಈ ಎರಡು ದಿನ ಯಾವ ಕಾರಣಕ್ಕೂ ತಪ್ಪಿಸ್ಬೇಡಿ, ತಪ್ಪಿಸಿದ್ರೆ ನನ್ನ ಕೇಳ್ಬೇಡಿ ಅಂದ್ರು. ನಾನಂದೆ, ಗಂಡಾನೇ ಲಾಂಚಿನ ಖಲಾಸಿ, ಸ್ವಂತ ಹೆಂಡ್ತಿನ ಬಿಟ್ಟು ಹಗ್ಗ ಬಿಚ್ಚೋಕಾಗುತ್ತಾ ಅಂತ. ಅವಳ ಕಾಲು ಊದುತ್ತೆ ಅಲ್ವಾ, ಅದಕ್ಕೆ ಎಷ್ಟೇ ರಶ್ ಇದ್ರೂ ಅವಳು ಹತ್ತಿದ ಕೂಡ್ಲೇ ಮುಂದಿನ ಬೆಂಚಿನೋರು ಎದ್ದು ನಿಲ್ತಾರೆ. ಯಾರೂ ಹೇಳೋದು ಬೇಡ. ಮಹಾರಾಣಿ ಕಾಲು ಚಾಚ್ಕೊಂಡು ಹೋಗ್ತಾಳೆ, ಮಹಾರಾಣಿ ಗಂಡ ಹಗ್ಗ ಸುತ್ತಾ ಇರ್ತಾನೆ.

ಇನ್ನೊಂದು ತಮಾಷೆ ಕೇಳು. ಹೋದ ವಾರ ನಮ್ಮ ದ್ವೀಪಕ್ಕೆ ಹೊಸ ನರ್ಸಮ್ಮ ಬಂದ್ಲು. ನಮ್ಮ ಜನ ಗೊತ್ತಲ್ಲ, ಮೊದಲನೇ ಸಲ ಬರೋರಿಗೆ, ಕೊನೇ ಸಲ ಹೋಗೋರಿಗೆ ಲಾಂಚು ಬಿಟ್ಟುಕೊಡೋದು. ಆಚೆ ದಡದಲ್ಲಿ ಅಷ್ಟು ಜನ ಚೀಲ ಇಟ್ಕೊಂಡು ಕಾಯ್ತಾ ಇದ್ರೂ ಒಬ್ಬರೂ ಹತ್ತಲಿಲ್ಲ, ನೀವು ಹೋಗಮ್ಮ, ನಾವು ಆಮೇಲೆ ಬರ್ತೀವಿ ಅಂದ್ರು. ಪಾಪ, ಆ ಹುಡುಗಿ ಇಡೀ ದಾರಿ ಒಬ್ಬಳೇ ಕೂತು ಬೆವರ್ತಾ ಇದ್ಲು. ಕೊನೆಗೆ ನನ್ನ ಹತ್ರ ಬಂದು ಮೆಲ್ಲಗೆ ಕೇಳ್ದಳು, "ಅಣ್ಣಾ, ಆ ಊರಲ್ಲಿ ಏನಾದ್ರೂ ಅಂಟು ರೋಗ ಇದೆಯಾ? ಯಾರೂ ಯಾಕೆ ಹೋಗ್ತಿಲ್ಲ?"

ನಾಡಿದ್ದು ಅದೇ ಥರ ಬಡಗಿಯಜ್ಜ ಹೋದ. ಹೋದ ಅಂದ್ರೆ ಪೂರ್ತಿ ಹೋದ. ನಮ್ಮ ಬಂಡೆ ನೆಲದಲ್ಲಿ ಗುಂಡಿ ತೋಡೋಕೂ ಆಗಲ್ಲವಲ್ಲ, ಹುಟ್ಟೋಕೂ ಲಾಂಚ್ ಹತ್ಬೇಕು, ಸತ್ತ ಮೇಲೂ ಲಾಂಚ್ ಹತ್ಬೇಕು. ಅವನಿಗೂ ಮಕ್ಕಳಿಗೂ ಲಾಂಚು ಬಿಟ್ಟುಕೊಟ್ಟು ಊರವರು ದಡದಲ್ಲಿ ನಿಂತ್ರು. ಬದುಕಿದ್ದಾಗ ಯಾರಿಗೂ ಸೀಟು ಬಿಡದ ಮನುಷ್ಯ. (ನಾಡಿದ್ದು ಅಲ್ಲ, ಮೊನ್ನೆ. ನಾನು ಓದಿದ್ದು ಅಷ್ಟೇ ಕಣೋ, ತಿದ್ಕೊಂಡು ಓದು.)

ಅಂಚೆ ಕಚೇರಿ ಫೋನು ಸತ್ತು ವರ್ಷ ಆಯ್ತು. ಕಡಲಡಿ ತಂತಿ ಮೀನು ತಿಂತು ಅಂತಾರೆ. ಆ ಮೀನಿಗೆ ಕರೆ ಹೋಗ್ತಿರಬೇಕು. ಕಾಗದಾನೇ ಗತಿ, ಬರೀತಾ ಇರು.

ನಿನ್ನ ಅಣ್ಣ

ಮೈದುನನಿಗೆ: ತಲೆ ಬಾಚ್ಕೊಂಡು ಆಫೀಸಿಗೆ ಹೋಗು. — ಅತ್ತಿಗೆ


ಫೆಬ್ರವರಿ ೧೪

ಅಣ್ಣನಿಗೆ ನಮಸ್ಕಾರ.

ಕಾಗದ ತಲುಪಿತು. ನರ್ಸಮ್ಮನ ಕತೆ ಮನೇಲಿ ಜೋರಾಗಿ ಓದಿದೆ, ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಮೊಣಕಾಲಿಗೆ ಔಷಧಿ ಹಚ್ಚು. ಅತ್ತಿಗೆಗೆ ಹೇಳು, ತಲೆ ಬಾಚ್ಕೊಂಡೇ ಹೋಗ್ತೀನಿ. ಚಿಕ್ಕೋನಿದ್ದಾಗ ಆಚೆ ದಡದ ಹೈಸ್ಕೂಲಿಗೆ ಲಾಂಚ್ ಹತ್ತೋ ಮುಂಚೆ ಜೆಟ್ಟಿ ತನಕ ಬಾಚಣಿಗೆ ಹಿಡ್ಕೊಂಡು ಓಡಿ ಬರ್ತಿದ್ರಲ್ಲ, ಕನ್ನಡಿ ಮುಂದೆ ನಿಂತಾಗೆಲ್ಲ ಅದೇ ನೆನಪಾಗುತ್ತೆ.

ಒಂದು ವಿಷಯ. ೨೭ನೇ ತಾರೀಖು ಮಂಗಳವಾರ ನಮ್ಮ ಆಫೀಸಿನಿಂದ ಇಬ್ಬರು ಅಧಿಕಾರಿಗಳು ಅಲ್ಲಿಗೆ ಬರ್ತಾರೆ. ಇಡೀ ದಿನ ಲಾಂಚ್ ನೋಡ್ತಾರೆ. ಯಾಕೆ ಅಂತ ಬರೆಯೋ ಹಾಗಿಲ್ಲ. ಇಷ್ಟು ಬರೆದಿದ್ದೇ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ, ಈ ಕಾಗದ ಓದಿ ಹರಿದುಬಿಡು. ಆದ್ರೆ ದಿನ ಮಾತ್ರ ಊರಿನ ಎಲ್ಲರಿಗೂ ತಿಳಿಸು. ಒಬ್ಬರನ್ನೂ ಬಿಡದೆ ತಿಳಿಸು. ನಿನಗೆ ಅರ್ಥ ಆಗುತ್ತೆ ಅಂದ್ಕೊಂಡಿದ್ದೀನಿ.

ನಿನ್ನ ತಮ್ಮ


ಫೆಬ್ರವರಿ ೨೮

ಸಾಹೇಬ್ರೇ,

ನೀನು ಹೇಳಿದ ಹಾಗೇ ಒಬ್ಬರನ್ನೂ ಬಿಡದೆ ತಿಳಿಸಿದೆ. ಕಿವುಡಜ್ಜಿಗೆ ಮೂರ್ಮೂರು ಸಲ ಕೂಗಿ ಹೇಳಿದೆ, ಅವಳನ್ನ ಬಿಟ್ಟು ಉಳಿದ ಎಲ್ಲರಿಗೂ ಮತ್ತೊಮ್ಮೆ ಕೇಳಿಸ್ತು. ಹೊಸ ಇಂಜಿನ್ ಕೊಡೋಕೆ ಮುಂಚೆ ನೋಡೋಕೆ ಬರ್ತಾ ಇದ್ದಾರೆ ಅಂತ ನಮಗೆಲ್ಲ ಅರ್ಥ ಆಗಿಹೋಯ್ತು. ನೀನು ಬರೀದಿದ್ರೂ ನಾವು ದಡ್ಡರಲ್ಲ.

ಅಂಗಡಿಯಜ್ಜ ಹಿಂದಿನ ದಿನ ಎಲ್ಲರನ್ನೂ ಕೂರಿಸ್ಕೊಂಡು ಭಾಷಣ ಮಾಡ್ದ. ಗೌರ್ಮೆಂಟಿನೋರು ನಮ್ಮ ಲಾಂಚಿಗೆ ಮೊದಲನೇ ಸಲ ಕಾಲಿಡ್ತಾ ಇದ್ದಾರೆ, ನೂಕಾಟ ಮಾಡಿ ಊರಿನ ಮಾನ ಕಳೀಬೇಡಿ ಅಂದ. ನಾನು, ಡ್ರೈವರಣ್ಣ ಸೇರಿ ಅಜ್ಜಿಗೆ ಸ್ನಾನ ಮಾಡಿಸಿದ್ವಿ. ಬೆಂಚು ಉಜ್ಜಿದ್ವಿ, ರೇಲಿಂಗಿಗೆ ಬಣ್ಣ ಬಳಿದ್ವಿ. ಬಣ್ಣ ಪೂರ್ತಿ ಒಣಗಿರಲಿಲ್ಲ, ದೊಡ್ಡ ಸಾಹೇಬ್ರ ಅಂಗೈ ಸಂಜೆ ತನಕ ಹಸಿರಾಗೇ ಇತ್ತು.

ಇಬ್ಬರು ಬಂದ್ರು. ದೊಡ್ಡ ಸಾಹೇಬ್ರು ಒಳ್ಳೇ ಮನುಷ್ಯ, ನನ್ನ ನೀವು ತಾವು ಅಂದ್ರು. ಯಾರನ್ನೋ ಕರೀತಾರೆ ಅಂತ ನಾನು ಹಿಂದೆ ತಿರುಗಿ ನೋಡಿದೆ. ಚಿಕ್ಕ ಸಾಹೇಬ್ರ ಕೈಯಲ್ಲಿ ಒಂದು ಪುಟ್ಟ ಯಂತ್ರ, ಹೆಬ್ಬೆಟ್ಟಲ್ಲಿ ಒತ್ತಿದ್ರೆ ಟಕ್ ಅನ್ನುತ್ತೆ. ಬಾಗಿಲ ಹತ್ರ ಹಿಡ್ಕೊಂಡು ನಿಂತಿದ್ರು. ಅದು ಯಾತಕ್ಕೋ ಏನೋ, ಪಾಪ ಇಡೀ ದಿನ ಅದನ್ನ ಒತ್ತೋ ಯೋಗ ಅವರಿಗೆ ಹೆಚ್ಚು ಬರಲಿಲ್ಲ.

ಮಜಾ ಏನು ಗೊತ್ತಾ, ಬಂದು ಇಳಿದು ಊರು ನೋಡ್ತಾರೆ ಅಂದ್ಕೊಂಡ್ರೆ ಇಬ್ಬರೂ ಇಳಿಯಲೇ ಇಲ್ಲ. ಹೋಗೋದು, ಬರೋದು, ಮತ್ತೆ ಹೋಗೋದು. ಅವರು ಇಳಿಯಲಿಲ್ಲ, ನಾವು ಹತ್ತಲಿಲ್ಲ. ಮೇಷ್ಟ್ರು ಆಚೆ ದಡದಲ್ಲೇ ಉಳಿದ್ರು, ಮಕ್ಕಳು ಈಚೆ ದಡದಲ್ಲಿ ಕುಣಿದ್ರು. ಮೀನಿನ ಬುಟ್ಟಿಯೋರು ನೆರಳಲ್ಲಿ ಕೂತು ಬುಟ್ಟಿಗೆ ನೀರು ಚಿಮುಕಿಸ್ತಾ ಇದ್ರು, ಸಂಜೆ ಹೊತ್ತಿಗೆ ಆ ಕಡೆ ಮೂಗು ತಿರುಗಿಸೋ ಹಾಗಿರಲಿಲ್ಲ. ಒಬ್ಬರೂ ಗೊಣಗಲಿಲ್ಲ ಕಣೋ. ಸಾಹೇಬ್ರಿಗೆ ನಮ್ಮ ಕಡಲು ಅಷ್ಟು ಹಿಡಿಸ್ತಲ್ಲ ಅಂತ ಎಲ್ಲರಿಗೂ ಹೆಮ್ಮೆ.

ನಿನ್ನ ಅತ್ತಿಗೆ ಒಬ್ಬಳು ಹತ್ತಲೇಬೇಕಿತ್ತು, ಮಂಗಳವಾರ ಅಲ್ವಾ. ಅವಳೂ ಬೇಡ ಅಂದ್ಲು, ಅಂಗಡಿಯಜ್ಜ ಗದರಿಸಿ ಹತ್ತಿಸ್ದ. ಬೆಂಚ್ ಮೇಲೆ ಕಾಲು ಚಾಚಿ ಕೂತಿದ್ಲು. ವಾಪಸ್ ಬರೋವಾಗ ದೊಡ್ಡ ಸಾಹೇಬ್ರು ತಮ್ಮ ಛತ್ರಿ ಬಿಚ್ಚಿ ಅವಳಿಗೆ ಬಿಸಿಲು ಮರೆ ಮಾಡಿಕೊಟ್ರು. ಮಾತಿಗೆ ಮಾತು ಬಂದು ಕೇಳಿದ್ರಂತೆ, "ದಿನಾ ಹೀಗೇನಾ ಅಮ್ಮ?"

ನಿನ್ನ ಅತ್ತಿಗೆ ಬಿಡ್ತಾಳಾ. ಗಂಡನ ಲಾಂಚು, ಊರಿನ ಮಾನ. "ಯಾವಾಗ್ಲೂ ಹೀಗೇ ಸಾರ್," ಅಂದ್ಲಂತೆ. "ನೂಕು ನುಗ್ಗಲು ಅನ್ನೋದೇ ಇಲ್ಲ. ನಾನು ದಿನಾ ಕಾಲು ಚಾಚ್ಕೊಂಡೇ ಹೋಗೋದು."

ಸಾಹೇಬ್ರು ಅದನ್ನ ಅಲ್ಲೇ ಬರ್ಕೊಂಡ್ರಂತೆ! ಮನೆಗೆ ಬಂದು ಎಷ್ಟು ಸಲ ಹೇಳಿದ್ಲು ಗೊತ್ತಾ, ನಾನು ಹೇಳಿದ ಮಾತು ದೊಡ್ಡ ಆಫೀಸಿನ ಪುಸ್ತಕಕ್ಕೆ ಹೋಯ್ತು ಅಂತ. ನಾನೂ ಬಿಡ್ತಾ ಇಲ್ಲ, ಇನ್ಮೇಲೆ ಇಂಜಿನಿಗೆ ನಿನ್ನ ಹೆಸರೇ ಇಡೋಣ ಅಂತ ರೇಗಿಸ್ತಾ ಇದೀನಿ.

ಇಂಜಿನ್ ಯಾವಾಗ ಬರುತ್ತೆ, ಸುಮ್ನೆ ಒಂದು ಸುಳಿವು ಕೊಡು.

ನಿನ್ನ ಅಣ್ಣ

ಮೈದುನನಿಗೆ: ನಿಮ್ಮ ಸಾಹೇಬರು ತುಂಬಾ ಒಳ್ಳೆಯವರು. ಅವರ ತಲೆ ಚೆನ್ನಾಗಿ ಬಾಚಿತ್ತು. ನೋಡಿ ಕಲಿ. — ಅತ್ತಿಗೆ


ಮಾರ್ಚ್ ೨೦

ಏನಪ್ಪಾ, ಬೆರಳು ಟೈಪ್ ಯಂತ್ರಕ್ಕೆ ಸಿಕ್ಕಿಹಾಕ್ಕೊಂಡ್ತಾ?

ಮೂರು ವಾರ ಆಯ್ತು, ಒಂದು ಸಾಲಿಲ್ಲ. ಚೀಲ ಬಂದಾಗೆಲ್ಲ ಅಂಚೆಯವನಿಗಿಂತ ಮೊದಲು ನಾನೇ ಕೈ ಹಾಕಿ ನೋಡ್ತೀನಿ, ಅವನು ಬೈತಾನೆ. ಇಲ್ಲಿ ಇಂಜಿನ್ ಬಗ್ಗೆ ಬಾಜಿ ಕಟ್ಟಿದ್ದಾರೆ. ಡ್ರೈವರಣ್ಣ ಹೇಳ್ತಾನೆ ಹೊಸದು ಬಂದ್ರೆ ಸದ್ದೇ ಇರಲ್ಲವಂತೆ, ನಿದ್ದೆ ಬರುತ್ತೇನೋ ಅಂತ ಈಗ್ಲೇ ಹೆದರಿಕೆ ಅವನಿಗೆ. ಅಂಗಡಿಯಜ್ಜ ಅಂತೂ ದಿನಾ ಕೇಳ್ತಾನೆ, ನಿನ್ನ ತಮ್ಮ ಬರೆದ್ನಾ ಅಂತ. ಬರೆದಿಲ್ಲ ಅಂದ್ರೆ ನಮ್ಮ ಮನೆತನಕ್ಕೇ ಅವಮಾನ. ಬರೆದಿದ್ದಾನೆ, ಗುಟ್ಟು, ಹೇಳೋ ಹಾಗಿಲ್ಲ ಅಂತ ಗತ್ತು ಹೊಡೀತಾ ಇದೀನಿ.

ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ಬೈಯೋ ಶಕ್ತಿ ವಾಪಸ್ ಬಂದಿದೆ. ಡಾಕ್ಟರಿಗೂ ಖುಷಿ, ಹೀಗೇ ತಪ್ಪಿಸದೆ ಬಂದ್ರೆ ಎಷ್ಟೋ ವರ್ಷ ನಡೆಯುತ್ತೆ ಅಂದ್ರು.

ಅಣ್ಣ

ಮೈದುನನಿಗೆ: ಹುಷಾರಿಲ್ವಾ? ನಿನ್ನ ಹೆಂಡತಿ ಕೈಲಾದ್ರೂ ಒಂದು ಸಾಲು ಬರೆಸು. — ಅತ್ತಿಗೆ


ಏಪ್ರಿಲ್ ೨

ಅಣ್ಣಾ,

ಈ ಕಾಗದ ಬರೆಯೋಕೆ ಕೂತು ಹರಿದು, ಮತ್ತೆ ಕೂತಿದ್ದೀನಿ.

ಇಂಜಿನ್ ಬರಲ್ಲ. ಅವತ್ತು ಅವರು ಬಂದಿದ್ದು ಜನ ಎಣಿಸೋಕೆ. ನಿಮ್ಮೆಲ್ಲರ ಹತ್ರ ತಿಂಗಳ ಪಾಸ್ ಇರೋದ್ರಿಂದ ಟಿಕೆಟ್ ನೋಡಿದ್ರೆ ಎಷ್ಟು ಜನ ಓಡಾಡ್ತಾರೆ ಅಂತ ಇಲಾಖೆಗೆ ಗೊತ್ತಾಗಲ್ಲ. ಸರ್ಕಾರ ಲಾಂಚಿಗೆ ಕೊಡೋ ದುಡ್ಡು ಈ ವರ್ಷ ಕಡಿಮೆ ಮಾಡಿದೆ. ಎಲ್ಲಿ ಜನ ಇಲ್ಲವೋ ಅಲ್ಲಿ ಲಾಂಚ್ ಕಡಿಮೆ ಮಾಡಿ ಅಂತ ಮೇಲಿನಿಂದ ಬಂದಿತ್ತು. ಅದಕ್ಕೇ ನಾನು ಎಲ್ಲರಿಗೂ ತಿಳಿಸು ಅಂತ ಬರೆದಿದ್ದು. ಎಲ್ಲರೂ ಹತ್ತಲಿ ಅಂತ.

ನಮ್ಮೂರಿನ ಪದ್ಧತಿ ನನಗೆ ನೆನಪಾಗಬೇಕಿತ್ತು. ನೀನು ನರ್ಸಮ್ಮನ ಕತೆ ಬರೆದೂ ಇದ್ದೆ. ನಕ್ಕು ಮಡಚಿ ಇಟ್ಟೆ. ಇಲ್ಲಿ ಬಸ್ಸಲ್ಲಿ ದಿನಾ ಮೊಣಕೈ ಹಾಕಿ ಹತ್ತಿ ಹತ್ತಿ, ಜಾಗ ಬಿಟ್ಟುಕೊಡೋ ಜನ ಇರ್ತಾರೆ ಅನ್ನೋದೇ ಮರೆತುಹೋಯ್ತು ಅಣ್ಣಾ.

ಮೇ ಒಂದರಿಂದ ವಾರಕ್ಕೆ ಒಂದೇ ದಿನ, ಮಂಗಳವಾರ. ಲಾಂಚ್ ಆಚೆ ದಡದಲ್ಲೇ ಇರುತ್ತೆ. ನೋಟೀಸು ನಿಮಗೆ ಬರುತ್ತೆ. ಅತ್ತಿಗೆಯ ಶುಕ್ರವಾರಕ್ಕೆ ಏನು ಮಾಡೋದು ಅಂತ ನಾನೂ ಯೋಚನೆ ಮಾಡ್ತಾ ಇದೀನಿ.

ತಮ್ಮ


ಏಪ್ರಿಲ್ ೧೦

ತಮ್ಮನಿಗೆ,

ನಿನ್ನ ಕಾಗದ, ನಿಮ್ಮ ಇಲಾಖೆ ನೋಟೀಸು ಎರಡೂ ಒಂದೇ ಚೀಲದಲ್ಲಿ ಬಂದ್ವು. ನೋಟೀಸನ್ನ ನನ್ನ ಕೈಲೇ ಜೆಟ್ಟಿ ಗೋಡೆಗೆ ಅಂಟಿಸಿದ್ರು. ಕೋಲು ಕೊಟ್ಟು ಹೊಡೆಸ್ಕೊಂಡೋರನ್ನ ನೋಡಿದ್ದೀನಿ, ಕೋಲಿಗೆ ಗೋಂದನ್ನೂ ಹಚ್ಚಿದೋನು ನಾನೊಬ್ಬನೇ.

ಅಂಗಡಿಯಜ್ಜ ಓದಿ ಮುಗಿಸಿ ಬಾಗಿಲು ಹಾಕ್ಕೊಂಡು ಮಲಗ್ದ. ಎರಡು ದಿನ ಅಂಗಡಿ ತೆಗೀಲಿಲ್ಲ. ಯಾರೂ ಅವನನ್ನ ಬೈಯಲಿಲ್ಲ. ಎಲ್ಲರೂ ಸೇರಿ ಮಾಡಿದ ಮರ್ಯಾದೆ, ಒಬ್ಬನ್ನ ಬೈದು ಏನು ಪ್ರಯೋಜನ. ಒಂದು ಮಾತು ಕೇಳ್ತೀನಿ. ನಿಮ್ಮ ಪೇಟೇಲಿ ಬೀದಿ ದೀಪದ ಕೆಳಗೆ ಯಾರೂ ನಿಂತಿಲ್ಲ ಅಂತ ಕಂಬ ಕೀಳ್ತಾರಾ? ನಿಂತಿಲ್ದಿದ್ರೂ ಉರೀತಾ ಇರುತ್ತಲ್ಲ. ನಮಗೆ ರಸ್ತೆ ಅಂದ್ರೆ ಅದೊಂದೇ ಕಣೋ, ಖೊಕ್ ಖೊಕ್ ಅನ್ನೋ ರಸ್ತೆ.

ನೋಟೀಸಿನಲ್ಲಿ ಒಂದು ಸಾಲಿದೆ. 'ಎಲ್ಲಾ ಸಂಚಾರಗಳಲ್ಲೂ ಲಾಂಚ್ ಬಹುತೇಕ ಖಾಲಿ ಇದ್ದು, ಇದು ದಿನನಿತ್ಯದ ಪರಿಸ್ಥಿತಿಯೆಂದು ನಿತ್ಯ ಪ್ರಯಾಣಿಕರೊಬ್ಬರು ದೃಢಪಡಿಸಿರುತ್ತಾರೆ.' ನಾನು ನಿಧಾನಕ್ಕೆ ಓದೋನು. ಮೂರನೇ ಸಲ ಓದಿದಾಗ ಆ ಪ್ರಯಾಣಿಕರು ಯಾರು ಅಂತ ಗೊತ್ತಾಯ್ತು.

ಹೇಗಾದ್ರೂ ಅವಳು ಓದಬಾರದು. ಆ ಸಾಲಿನ ಮೇಲೆ ನರ್ಸಮ್ಮನ ಹತ್ರ ಇಸ್ಕೊಂಡ ಪೋಸ್ಟರ್ ಅಂಟಿಸಿದೆ, ಕೈ ತೊಳ್ಕೊಳ್ಳಿ ಅನ್ನೋದು. ಈಗ ಓದಿದ್ರೆ 'ಲಾಂಚ್ ಬಹುತೇಕ ಖಾಲಿ ಇದ್ದು, ಊಟಕ್ಕೆ ಮುಂಚೆ ಸೋಪು ಹಚ್ಚಿ' ಅಂತ ಬರುತ್ತೆ. ನಿನಗೆ ನಗು ಬರ್ಲಿ ಅಂತ ಬರೆದೆ. ನನಗೆ ಬರಲಿಲ್ಲ.

ಊರವರೆಲ್ಲ ಸೇರಿ ಅರ್ಜಿ ಕಳಿಸಿದ್ದೀವಿ, ಇನ್ನೊಂದು ಸಲ ಬಂದು ಎಣಿಸಿ ಅಂತ. ಈ ಸಲ ಹತ್ತದೇ ಇರೋನ್ನ ನಾನೇ ಎತ್ತಿ ಲಾಂಚಿಗೆ ಎಸೀತೀನಿ. ಅರ್ಜಿ ನಿನ್ನ ಮೇಜಿಗೇ ಬರುತ್ತೆ ಅಲ್ವಾ? ನೋಡ್ಕೋ ತಮ್ಮಾ. ನಿನ್ನ ಅತ್ತಿಗೆಗೋಸ್ಕರ ನೋಡ್ಕೋ.

ಅಣ್ಣ

ಮೈದುನನಿಗೆ: ನೀನು ಬೇಜಾರು ಮಾಡ್ಕೋಬೇಡ. ನಿನ್ನ ಕೈಲಿ ಏನಿದೆ. — ಅತ್ತಿಗೆ


ಏಪ್ರಿಲ್ ೨೪

ಅಣ್ಣಾ,

ಅರ್ಜಿ ಬಂದಿದೆ. ಪರಿಶೀಲನೆಯಲ್ಲಿದೆ. ದೊಡ್ಡ ಸಾಹೇಬರೇ ಓದಿದ್ರು. ಒಂದು ತಿಂಗಳು, ಹೆಚ್ಚು ಅಂದ್ರೆ ಐದಾರು ವಾರ ತಾಳ್ಕೊಳ್ಳಿ. ಮತ್ತೆ ಎಣಿಸೋಕೆ ಬರಬಹುದು ಅಂತ ಮಾತಿದೆ.

ಅಲ್ಲಿ ತನಕ ಅತ್ತಿಗೆನ ಇಲ್ಲಿಗೆ ಕಳಿಸೋದಾದ್ರೆ ಕಳಿಸು. ಮನೆ ನಿನಗೆ ಗೊತ್ತೇ ಇದೆ, ಒಂದೇ ಕೋಣೆ, ಆದ್ರೆ ಹೇಗೋ ಹೊಂದಿಸ್ಕೊಳ್ಳೋಣ. ಇಲ್ಲಿನ ಆಸ್ಪತ್ರೇಲಿ ಹೊಸಬರಿಗೆ ಸರದಿ ಸಿಗೋದು ತಡ ಆಗುತ್ತಂತೆ, ಅದೊಂದು ಯೋಚನೆ. ಅತ್ತಿಗೆ ಹೇಗಿದ್ದಾರೆ, ಸರಿಯಾಗಿ ಬರಿ. ತಮಾಷೆ ಬೇಡ.

ತಮ್ಮ


ಮೇ ೧೬

ತಮ್ಮನಿಗೆ,

ತಮಾಷೆ ಬೇಡ ಅಂದ್ರೆ ಮೀನಿಗೆ ಈಜ್ಬೇಡ ಅಂದ ಹಾಗೆ. ಆದ್ರೂ ಪ್ರಯತ್ನ ಮಾಡ್ತೀನಿ.

ನನಗೆ ಬಡ್ತಿ ಆಯ್ತು. ಮುಂಚೆ ಲಾಂಚಿನಿಂದ ಹಗ್ಗ ಎಸೀತಿದ್ದೆ, ಈಗ ದಡದಲ್ಲಿ ನಿಂತು ಹಗ್ಗ ಹಿಡಿಯೋ ಕೆಲಸ. ಲಾಂಚಲ್ಲಿ ಆಚೆ ಕಡೆಯ ಹುಡುಗನ್ನ ಹಾಕಿದ್ದಾರೆ. ಮಂಗಳವಾರ ಒಂದು ದಿನ ಕೆಲಸ, ಉಳಿದ ದಿನ ಕಡಲು ನೋಡೋದು. ಕಡಲೂ ನನ್ನ ನೋಡುತ್ತೆ. ಇಬ್ಬರಿಗೂ ಬೇಜಾರು.

ಅಜ್ಜಿ ಇಲ್ಲದ ಬೆಳಿಗ್ಗೆ ಊರು ಕಿವುಡಾದ ಹಾಗಿರುತ್ತೆ. ಮೇಷ್ಟ್ರು ವಾರ ಪೂರ್ತಿ ಸ್ಕೂಲಲ್ಲೇ ಮಲಗ್ತಾರೆ. ಮೀನಿನೋರು ಹಿಡಿದಿದ್ದನ್ನ ಐಸಲ್ಲಿಟ್ಟು ಮಂಗಳವಾರಕ್ಕೆ ಕಾಯ್ತಾರೆ. ಎರಡು ಮನೆಯೋರು ಆಗ್ಲೇ ಗಂಟು ಮೂಟೆ ಕಟ್ಟಿ ಆಚೆ ಹೋದ್ರು. ಹೋಗೋವಾಗ ಜೆಟ್ಟಿ ಮೇಲೆ ಯಾರ ಮುಖಾನೂ ನೋಡಲಿಲ್ಲ.

ನಿನ್ನ ಅತ್ತಿಗೆ ಚೆನ್ನಾಗಿದ್ದಾಳೆ. ವಾರಕ್ಕೊಂದು ಸಲ ಆಗ್ತಾ ಇದೆ. ಒಂದು ಶುಕ್ರವಾರ ಮೀನಿನ ದೋಣೀಲಿ ಹೊರಟ್ವಿ, ಅಲೆ ಬಡಿದು ಪೂರ್ತಿ ನೆಂದು ವಾಪಸ್ ಬಂದ್ವಿ. ಇನ್ನು ಗಾಳಿ ಕಾಲ, ಮೀನಿನೋರೂ ದೋಣಿ ಮೇಲೆಳೀತಾರೆ. ಈಗ ನನ್ನ ಚಪ್ಪಲಿ ಹಾಕ್ಕೊಂಡು ಓಡಾಡ್ತಾಳೆ, ಅವಳದ್ದು ಕಾಲಿಗೆ ಹಿಡಿಸಲ್ಲ. ಕೂತಲ್ಲೇ ನಿದ್ದೆ ಮಾಡ್ತಾಳೆ, ಮಲಗಿದ್ರೆ ಉಸಿರು ಸಿಕ್ಕಿಹಾಕ್ಕೊಳ್ಳುತ್ತೆ ಅಂತಾಳೆ. ಸ್ವಲ್ಪ ಸುಸ್ತು ಅಷ್ಟೇ. ನೀನು ಗಾಬರಿ ಆಗ್ಬೇಡ.

ಅವಳಿಗೆ ಅಲ್ಲಿಗೆ ಬರೋ ಮನಸ್ಸಿಲ್ಲ. ಒಂದೇ ಕೋಣೇಲಿ ನಿಮಗ್ಯಾಕೆ ಭಾರ ಅಂತಾಳೆ. ಆಚೆ ದಡದಲ್ಲಿ ಬಾಡಿಗೆ ಕೋಣೆ ನೋಡೋಣ ಅಂದೆ, ಅದಕ್ಕೂ ಮೈದುನ ತಾಳ್ಕೊಳ್ಳಿ ಅಂದಿದ್ದಾನಲ್ಲ, ಸುಮ್ನೆ ಅವಸರ ಯಾಕೆ ಅಂದ್ಲು. ನೀನು ಹೇಳಿದ್ರೆ ಅವಳಿಗೆ ವೇದವಾಕ್ಯ. ಅದಕ್ಕೇ ಕಾಯ್ತಾ ಇದೀವಿ. ಮತ್ತೆ ಎಣಿಸೋಕೆ ಬರೋದು ಯಾವತ್ತು ಅಂತ ಗೊತ್ತಾದ ಕೂಡ್ಲೇ ಬರಿ.

ಅಣ್ಣ

ಮೈದುನನಿಗೆ: ನಾನು ಆರಾಮಾಗಿದ್ದೀನಿ. ತಲೆ ಬಾಚ್ಕೋ. — ಅತ್ತಿಗೆ


ಜೂನ್ ೧

ಅಣ್ಣಾ,

ಕೊನೆ ಸಾಲು ನೀನೇ ಬರೆದಿದ್ದೀಯ. ಅದು ಅತ್ತಿಗೆ ಅಕ್ಷರ ಅಲ್ಲ. ಪೆನ್ನು ಹಿಡಿಯೋಕೂ ಆಗ್ತಿಲ್ವಾ ಅವರಿಗೆ?

ನಿನ್ನ ಕಾಗದ ಬರೋದೂ ಈಗ ವಾರಗಟ್ಟಲೆ ತಡ, ನಿನ್ನೆ ಸಂಜೆ ಕೈಗೆ ಸಿಕ್ತು. ಚಪ್ಪಲಿ, ಉಸಿರು, ಕೂತು ನಿದ್ದೆ. ನಮ್ಮ ಬೀದಿ ಕಾಂಪೌಂಡರಿಗೆ ಓದಿ ಹೇಳಿದೆ, ಅವನು ಇನ್ನೊಂದು ದಿನಾನೂ ತಡ ಮಾಡ್ಬೇಡಿ ಅಂದ.

ಅಣ್ಣಾ, ಕಾಯಬೇಡ. ಮತ್ತೆ ಎಣಿಸೋಕೆ ಯಾರೂ ಬರಲ್ಲ. ನಿಮ್ಮ ಅರ್ಜಿ ಬಂದ ದಿನಾನೇ ಮುಚ್ಚಿದ್ರು. ಒಂದು ಸಲ ನೋಡಿ ಆಗಿದೆ, ಸಾಕು ಅಂದ್ರು. ಪರಿಶೀಲನೆಯಲ್ಲಿದೆ ಅಂತ ನಾನು ಬರೆದಿದ್ದು ಸುಳ್ಳು. ನೀನು ಆ ಪೋಸ್ಟರ್ ಕತೆ ಬರೆದಿದ್ಯಲ್ಲ, ಅದಾದ ಮೇಲೆ 'ಆಗಲ್ಲ' ಅಂತ ಬರೆಯೋಕೆ ನನ್ನ ಕೈ ಬರಲಿಲ್ಲ. ನೀನು ಚೆನ್ನಾಗಿದ್ದಾಳೆ ಅಂತ ಬರೀತಿದ್ದೆ, ನಾನು ದಿನ ಇದೆ ಅಂದ್ಕೊಂಡೆ. ಅಷ್ಟರಲ್ಲಿ ಯಾರ ಕಾಲಾದ್ರೂ ಹಿಡಿದು ಏನಾದ್ರೂ ಮಾಡ್ತೀನಿ ಅಂದ್ಕೊಂಡೆ.

ಆ ಸಾಲು ಟೈಪ್ ಮಾಡಿದ್ದೂ ನಾನೇ. ದೃಢಪಡಿಸಿರುತ್ತಾರೆ. ಟೈಪ್ ಮಾಡೋವಾಗ ಅತ್ತಿಗೆ ದನಿ ಕೇಳಿಸ್ತು.

ಆಚೆ ದಡದ ಆಸ್ಪತ್ರೆ ಹಿಂದಿನ ಬೀದೀಲಿ ಒಂದು ಕೋಣೆ ಹಿಡಿದಿದ್ದೀನಿ. ನನ್ನ ಹೆಂಡತಿ ಬಂದು ಅತ್ತಿಗೆ ಜೊತೆ ಇರ್ತಾಳೆ. ಈ ಮಂಗಳವಾರ ಲಾಂಚ್ ಬಂದ ಕೂಡಲೇ ಹತ್ತಿಸು. ಬಟ್ಟೆ ಗಂಟು ಕಟ್ಟೋಕೂ ಕೂರಬೇಡ. ಹತ್ತಿಸು.

ತಮ್ಮ


ಜೂನ್ ೧೨

ತಮ್ಮನಿಗೆ,

ಹತ್ತಿಸಿದೆ.

ನಿನ್ನ ಕಾಗದ ಮಂಗಳವಾರದ ಚೀಲದಲ್ಲೇ ಬಂತು. ನೀನು ಹೇಳಿದ ಹಾಗೇ ಅದೇ ಲಾಂಚಿಗೆ ಹತ್ತಿಸಿದೆ. ಅಷ್ಟು ಹೊತ್ತಿಗೆ ಅವಳು ಹೋಗಿ ಎರಡು ದಿನ ಆಗಿತ್ತು.

ಶನಿವಾರ ಉಸಿರು ತುಂಬಾ ಕಷ್ಟ ಆಯ್ತು. ನರ್ಸಮ್ಮ ಪಕ್ಕದಲ್ಲೇ ಕೂತಿದ್ಲು, ಅವಳ ಹತ್ರ ಇದ್ದ ಔಷಧಿ ಕೊಟ್ಲು, ಇದಕ್ಕೆ ನನ್ನ ಕೈಲಿ ಆಗಲ್ಲ ಅಣ್ಣಾ, ಆಚೆ ಕರ್ಕೊಂಡು ಹೋಗ್ಲೇಬೇಕು ಅಂತ ಅತ್ತಳು. ಮೀನಿನೋರು ಮೇಲೆಳೆದಿದ್ದ ದೋಣಿನ ಮತ್ತೆ ನೀರಿಗೆ ಇಳಿಸಿದ್ರು. ಅಲೆ ಎತ್ತಿ ಎತ್ತಿ ದಡಕ್ಕೇ ಬಿಸಾಕ್ತು. ಒಬ್ಬನ ಕೈ ಮುರೀತು. ಅವಳೇ ಬೇಡ ಅಂದ್ಲು. ಭಾನುವಾರ ಮಧ್ಯಾಹ್ನ ಗೋಡೆಗೆ ಒರಗಿ ಕೂತ ಹಾಗೇ ಹೋದ್ಲು.

ಆ ಪೋಸ್ಟರ್ ಕೆಳಗಿನ ಸಾಲು ಅವಳಿಗೆ ಗೊತ್ತಿತ್ತು ಕಣೋ. ನಾನು ಅಂಟಿಸೋಕೆ ಮುಂಚೇ ಓದಿದ್ಲಂತೆ. ಶುಕ್ರವಾರ ಸಂಜೆ ಕಾಲು ಒತ್ತುತ್ತಾ ಇದ್ದೆ, ಕೇಳಿದ್ಲು, "ರೀ, ನಾನೇನು ಸುಳ್ಳು ಹೇಳಿದ್ನಾ? ನನಗೆ ದಿನಾ ಜಾಗ ಇರ್ತಿತ್ತಲ್ಲ." ನಾನು ಏನಾದ್ರೂ ಒಂದು ತಮಾಷೆ ಹೇಳ್ಬೇಕಿತ್ತು. ಮೂವತ್ತು ವರ್ಷ ಬೇಡದಿದ್ದಾಗೆಲ್ಲ ಹೇಳಿದ್ದೀನಿ. ಅವತ್ತು ಕಾಲು ಒತ್ತುತ್ತಾ ಇದ್ದೆ ಅಷ್ಟೇ.

ಮಂಗಳವಾರದ ತನಕ ಕಾಯ್ಬೇಕಿತ್ತು. ಮೀನಿನೋರು ಐಸ್ ತಂದುಕೊಟ್ರು. ಅದರ ಬಗ್ಗೆ ಬರೆಯಲ್ಲ.

ಲಾಂಚ್ ಬಂತು. ನಾನೇ ಹಗ್ಗ ಹಿಡಿದೆ. ಮೊದಲು ಚೀಲ ಇಳಿಸಿದ್ರು, ಅಂಚೆಯವನು ನಿನ್ನ ಕಾಗದ ಹುಡುಕಿ ಕೈಗೆ ಕೊಟ್ಟ. ಅಲ್ಲೇ ಓದಿದೆ, ನಿಧಾನಕ್ಕೆ, ನನ್ನ ಓದು ಗೊತ್ತಲ್ಲ. ಎಲ್ಲರೂ ಕಾಯ್ತಾ ನಿಂತಿದ್ರು. ಓದಿ ಜೇಬಿಗೆ ಹಾಕ್ಕೊಂಡೆ.

ಕೊನೇ ಸಲ ಹೋಗೋರಿಗೆ ಲಾಂಚು ಬಿಟ್ಟುಕೊಡೋದು ಪದ್ಧತಿ. ಅವಳನ್ನ ಎತ್ತಿ ಒಳಗಿಟ್ವಿ, ನಾನು ಹಗ್ಗ ಬಿಚ್ಚೋಕೆ ಬಗ್ಗಿದೆ. ಆಗ ಅಂಗಡಿಯಜ್ಜ ಕೋಲು ಊರ್ಕೊಂಡು ಬಂದು ಹತ್ತಿಬಿಟ್ಟ. ಅವನ ಹಿಂದೆ ಮೇಷ್ಟ್ರು, ಮಕ್ಕಳು, ಬುಟ್ಟಿಯೋರು, ಕೈ ಕಟ್ಟಿಸ್ಕೊಂಡ ಮೀನಿನೋನು, ಕಿವುಡಜ್ಜಿ. ಒಬ್ಬರಾದ ಮೇಲೆ ಒಬ್ಬರು. ಊರಿಗೆ ಊರೇ. ಮನೆ ಬಾಗಿಲು ಕೂಡ ಹಾಕಿರಲಿಲ್ಲ. ಅಜ್ಜಿ ನೀರಿಗೆ ಎಷ್ಟು ತಗ್ಗಿದಳು ಅಂದ್ರೆ ಡ್ರೈವರಣ್ಣ ಬೇಡ ಬೇಡ ಅಂತ ಕೈ ಮುಗೀತಾ ಇದ್ದ, ಆಮೇಲೆ ಅವನೇ ಇಂಜಿನ್ ಶುರು ಮಾಡ್ದ.

ಆಚೆ ದಡದಲ್ಲಿ ಇಳಿದಾಗ ಒಂದ್ಸಲ ಬಾಗಿಲ ಹತ್ರ ನೋಡಿದೆ. ಯಾಕೆ ನೋಡಿದೆ ಗೊತ್ತಿಲ್ಲ. ಆ ಟಕ್ ಅನ್ನೋ ಯಂತ್ರ ಹಿಡ್ಕೊಂಡು ಯಾರೂ ನಿಂತಿರಲಿಲ್ಲ.

ಅಲ್ಲಿ ಫೋನ್ ಇತ್ತು. ಎತ್ತಿಕೊಂಡು ನಿನ್ನ ಆಫೀಸಿನ ನಂಬರ್ ತಿರುಗಿಸೋಕೆ ಶುರು ಮಾಡಿದೆ. ಇಟ್ಟುಬಿಟ್ಟೆ. ಈಗಲೂ ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆಯೋಣ ಅಂತಾನೇ ಕೂತೆ. ಪೆನ್ನು ಅಲ್ಲಿಗೆ ಬಂದು ನಿಲ್ತಾ ಇದೆ. ನನ್ನ ಮೇಲಿನ ಸಿಟ್ಟು ಮುಗೀಲಿ, ಆಮೇಲೆ ನಿನ್ನ ಸರದಿ ನೋಡ್ತೀನಿ. ಆ ಕೋಣೆ ಬಿಟ್ಟುಬಿಡು.

ಒಂದು ಮಾತು ಮಾತ್ರ ನಿನಗೆ ಹೇಳ್ಬೇಕು. ಲಾಂಚಲ್ಲಿ ಅಷ್ಟು ಜನ, ಕಾಲಿಡೋಕೆ ಜಾಗ ಇಲ್ಲ, ಮಕ್ಕಳನ್ನ ಹೆಗಲ ಮೇಲೆ ಹೊತ್ಕೊಂಡಿದ್ರು, ರೇಲಿಂಗಿನ ಹೊರಗೆ ನೇತಾಡ್ತಾ ಇದ್ರು. ಮುಂದಿನ ಬೆಂಚ್ ಹತ್ರ ಮಾತ್ರ ಯಾರೂ ಬರಲಿಲ್ಲ. ಯಾರೂ ಹೇಳಿರಲಿಲ್ಲ. ಅವಳು ಇಡೀ ದಾರಿ ಕಾಲು ಚಾಚ್ಕೊಂಡೇ ಹೋದ್ಲು.

ಅಣ್ಣ